ಬಲಕ್ಕೆ ಬಂದ ಜೇಬು

ಪ್ರತಿ ವರ್ಷ ಹೊಸ ತಂಡ ಬಂದಾಗ ಮೊದಲ ದಿನವೇ ನಾನು ತರಗತಿಯ ಗೋಡೆಗೆ ಅದೇ ಜೋಡಿಪುಟವನ್ನು ಅಂಟಿಸುತ್ತೇನೆ. ಸಂಗೀತ ಮಾಸಪತ್ರಿಕೆಯೊಂದರ ನಲವತ್ತು, ನಲವತ್ತೊಂದನೆಯ ಪುಟಗಳು. ಪುಟವಿನ್ಯಾಸ ಕಲಿಯಲು ಬಂದವರು ಹತ್ತಿರ ಬಂದು, ದೂರ ಸರಿದು, ತಲೆ ಓರೆ ಮಾಡಿ ನೋಡುತ್ತಾರೆ.

"ಏನು ಕಾಣುತ್ತೆ, ಹೇಳಿ" ಎನ್ನುತ್ತೇನೆ.

"ಎಡಪುಟ ತುಂಬ ಚಿತ್ರ, ಮೇಡಂ. ಪಿಟೀಲು ನುಡಿಸೋ ಅಜ್ಜ ಬಲಗಡೆ ನೋಡ್ತಿದ್ದಾರೆ. ನಮ್ಮ ಕಣ್ಣೂ ಅವರ ಜೊತೆ ನೇರ ತಲೆಬರಹಕ್ಕೆ ಹೋಗುತ್ತೆ."

"ಪಿಟೀಲಿನ ಕುತ್ತಿಗೆ ಬೆರಳು ಮಾಡಿ ತೋರಿಸಿದ ಹಾಗಿದೆ."

"ಕೊನೇಲಿ ಖಾಲಿ ಜಾಗ ಎಷ್ಟು ಚೆನ್ನಾಗಿ ಬಿಟ್ಟಿದ್ದಾರೆ ನೋಡಿ!"

ಎಲ್ಲ ಸರಿಯಾಗಿಯೇ ಹೇಳುತ್ತಾರೆ. ಆಮೇಲೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ, "ಯಾರು ಮಾಡಿದ್ದು ಮೇಡಂ?" ಅಂತ.

"ಒಬ್ಬಳು ಕಳ್ಳಿ" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ, ಪಾಪ.

ಆ ಕಳ್ಳಿ ನಾನೇ. ಚಿತ್ರದಲ್ಲಿರುವವರು ಪಿಟೀಲು ಮೇಷ್ಟ್ರು. ಅವರ ಕಥೆ ಹೇಳಬೇಕೆಂದರೆ ನನ್ನ ಕಥೆಯನ್ನೂ ಹೇಳಬೇಕು. ಇಲ್ಲದಿದ್ದರೆ ನಾನು ಯಾಕೆ ಅವರ ಮನೆ ಬಾಗಿಲು ತಟ್ಟುತ್ತಿದ್ದೆ?

ಆಗ ನಾನು ಆ ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸದಲ್ಲಿದ್ದೆ. ಹನ್ನೊಂದು ವರ್ಷದ ಅನುಭವ, ಅದಕ್ಕೆ ತಕ್ಕ ಜಂಬ. ನಮ್ಮ ಕಸುಬಿನವರ ಒಂದು ಕೆಟ್ಟ ಚಾಳಿ ಹೇಳುತ್ತೇನೆ, ಕೇಳಿ. ನಾವು ಓದುವುದಿಲ್ಲ, ನೋಡುತ್ತೇವೆ. ಲೇಖನ ಎಂದರೆ ನಮ್ಮ ಕಣ್ಣಿಗೆ ಒಂದು ಬೂದು ಬಣ್ಣದ ಚೌಕ. ಚೌಕ ಉದ್ದವಾಯಿತೋ, ಬಾಲ ಕತ್ತರಿಸು. ಗಿಡ್ಡವಾಯಿತೋ, ಅಕ್ಷರ ಹಿಗ್ಗಿಸು. ಒಳಗೆ ಯಾರ ಬಾಳು ಬರೆದಿದೆಯೋ, ಯಾರ ಗೋಳು ಬರೆದಿದೆಯೋ, ಅದು ಸಂಪಾದಕರ ತಲೆನೋವು.

ಆ ತಿಂಗಳು ಹಿಮ್ಮೇಳದಲ್ಲಿ ನುಡಿಸುವವರ ಬಗ್ಗೆ ಒಂದು ಲೇಖನ ಬಂತು. ಜೊತೆಗೆ ಒಂದೇ ಒಂದು ಒಳ್ಳೆಯ ಚಿತ್ರ. ಬಲಪುಟದ ಅರ್ಧಕ್ಕೆ ಪಿಯಾನೋ ಅಂಗಡಿಯ ಜಾಹೀರಾತು ಮೊದಲೇ ಕೂತಿತ್ತು, ಹಾಗಾಗಿ ಚಿತ್ರ ಎಡಪುಟಕ್ಕೇ ಬರಬೇಕು. ಆದರೆ ಅಜ್ಜ ಎಡಗಡೆಗೆ, ಪುಟದಿಂದ ಹೊರಗೆ ನೋಡುತ್ತಿದ್ದರು. ಪುಟದಲ್ಲಿರುವವರು ಪುಟದೊಳಗೆ ನೋಡಬೇಕು, ಹೊರಗೆ ನೋಡಿದರೆ ಓದುಗನೂ ಅವರ ಹಿಂದೆಯೇ ಎದ್ದು ಹೋಗುತ್ತಾನೆ. ಇದು ನಮ್ಮಲ್ಲಿ ಅಕ್ಷರಾಭ್ಯಾಸದ ಪಾಠ.

ಇನ್ನೊಂದು ಪಾಠವೂ ಇದೆ. ಗಡಿಯಾರ, ಅಕ್ಷರ, ವಾದ್ಯ, ಈ ಮೂರರಲ್ಲಿ ಒಂದಿದ್ದರೂ ಚಿತ್ರವನ್ನು ಎಡಬಲ ತಿರುಗಿಸಬಾರದು. ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಆದರೆ ಚಿತ್ರದಲ್ಲಿ ಕಮಾನು ಎಡಗೈಯಲ್ಲಿತ್ತು. ಪಿಟೀಲಿನ ಕಮಾನನ್ನು ಎಲ್ಲರೂ ಬಲಗೈಯಲ್ಲಿ ಹಿಡಿಯುತ್ತಾರೆ, ಅಲ್ಲವೇ? ಯಾರೋ ಪುಣ್ಯಾತ್ಮ ಮೊದಲೇ ತಿರುಗಿಸಿ ಕಳಿಸಿದ್ದಾನೆ, ನಾನು ಸರಿ ಮಾಡುತ್ತಿದ್ದೇನೆ ಅಂದುಕೊಂಡೆ. ತಿರುಗಿಸಿದೆ. ಕಮಾನು ಬಲಗೈಗೆ ಬಂತು, ಮುಖ ಪುಟದೊಳಗೆ ತಿರುಗಿತು. ಒಂದೇ ಏಟಿಗೆ ಎರಡು ಹಕ್ಕಿ! ಲೇಖನ ಐದಾರು ಸಾಲು ಹೆಚ್ಚಾಗಿತ್ತು. ಹನ್ನೊಂದು ಸಾಲಿನ ಕೊನೆಯ ಪ್ಯಾರಾವನ್ನೇ ಎತ್ತಿಬಿಟ್ಟೆ. ಹೊಸ ಮಕ್ಕಳು ಮೆಚ್ಚುವ ಆ ಖಾಲಿ ಜಾಗ ಇದೆಯಲ್ಲ, ಅದು ಅಲ್ಲಿಂದ ಬಂದದ್ದು.

ಮರುದಿನ ಮಧ್ಯಾಹ್ನ ಪ್ರೆಸ್ಸಿನಿಂದ ಫೋನು ಬಂತು. ಯಂತ್ರ ನೋಡಿಕೊಳ್ಳುವ ಹಿರಿಯರು. ಮೂವತ್ತು ವರ್ಷ ಮಸಿಯಲ್ಲಿ ಕೈ ಅದ್ದಿದ ಮನುಷ್ಯ, ಬೆಣ್ಣೆಯಲ್ಲಿನ ಕೂದಲೂ ಅವರ ಕಣ್ಣಿಗೆ ಬೀಳುತ್ತಿತ್ತು.

"ಮೇಡಂ, ನಲವತ್ತನೇ ಪುಟದ ಅಜ್ಜನ ಅಂಗಿ ಜೇಬು ಬಲಗಡೆಗೆ ಬಂದಿದೆ. ಚಿತ್ರ ತಿರುಗಿದೆಯೇನೋ ಅಂತ ನನಗೆ ಅನುಮಾನ. ನಿಲ್ಲಿಸಲಾ?"

ಅಂಗಿಯ ಜೇಬು ಎಡಗಡೆ ಇರುತ್ತದೆ, ಅದರಲ್ಲಿ ಪೆನ್ನು ಬೇರೆ ಸಿಕ್ಕಿಸಿದ್ದರು. ಜೇಬು ಸುಳ್ಳು ಹೇಳುವುದಿಲ್ಲ. ಹಾಗಾದರೆ ಮೂಲ ಚಿತ್ರವೇ ಸರಿ. ಹಾಗಾದರೆ ಈ ಮನುಷ್ಯ ನಿಜಕ್ಕೂ ಎಡಗೈಯಲ್ಲೇ ನುಡಿಸುತ್ತಾರೆ. ಇದೆಲ್ಲ ನನಗೆ ಆ ಕ್ಷಣವೇ, ಫೋನು ಕಿವಿಯಲ್ಲಿದ್ದಾಗಲೇ ಹೊಳೆಯಿತು. ಆಮೇಲೆ ಹೊಳೆಯಿತು ಅಂತ ಬಹಳ ಜನಕ್ಕೆ ಹೇಳಿದ್ದೇನೆ. ಸುಳ್ಳು.

ನಿಲ್ಲಿಸಿದರೆ ಅಚ್ಚಿಗೆ ಹೊಸ ಪ್ಲೇಟು ಮಾಡಿಸಬೇಕು, ಅರ್ಧ ದಿನ ತಡ. ಹಿಂದಿನ ತಿಂಗಳೂ ನನ್ನಿಂದಲೇ ತಡವಾಗಿ ಸಂಪಾದಕರು ಎಲ್ಲರೆದುರು ಮಂಗಳಾರತಿ ಎತ್ತಿದ್ದರು. ಜೊತೆಗೆ, ಪುಟ ಎಷ್ಟು ಚೆನ್ನಾಗಿ ಕೂತಿತ್ತು!

"ಜೇಬು ನೋಡಿ ಪಿಟೀಲು ಕಲಿಯೋರು ಯಾರಿದ್ದಾರೆ ಯಜಮಾನ್ರೇ? ಹೊಡೀರಿ, ಹೊಡೀರಿ" ಅಂದೆ. ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಫೋನಿಟ್ಟ ಮೇಲೆ, ಕತ್ತರಿಸಿದ ಪ್ಯಾರಾ ತೆಗೆದು ಮೊದಲ ಸಲ ಓದಿದೆ. ಹನ್ನೊಂದು ಸಾಲೂ ಅವರ ಎಡಗೈಯ ಬಗ್ಗೆಯೇ ಇತ್ತು. ಯಂತ್ರ ಆಗಷ್ಟೇ ಶುರುವಾಗಿರಬೇಕು. ಫೋನು ಕೈಗೆ ಸಿಗುವ ದೂರದಲ್ಲೇ ಇತ್ತು. ನಾನು ಎದ್ದು ಕಾಫಿ ಕುಡಿಯಲು ಹೋದೆ.

ಪತ್ರಿಕೆ ಅಂಗಡಿಗೆ ಬಂದ ಮೂರನೆಯ ದಿನ ಮೇಷ್ಟ್ರು ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಎಡಗಡೆ ಜೇಬು, ಅದರಲ್ಲಿ ಅದೇ ಪೆನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವರು ಬಾಯಿ ಬಿಡುವ ಮೊದಲೇ ನಾನು ಎದ್ದು ನಿಂತಿದ್ದೆ.

"ಅಮ್ಮಾ, ಜಗಳಕ್ಕೆ ಬಂದಿಲ್ಲ. ಪುಟ ಬಹಳ ಚೆನ್ನಾಗಿದೆ. ಆದ್ರೆ ಇದು ನಾನಲ್ಲ" ಅಂದರು.

ಆಮೇಲೆ ನಿಧಾನವಾಗಿ ವಿಷಯ ಹೇಳಿದರು. ಅವರಿಗೆ ಏಳು ವರ್ಷದ ಮೊಮ್ಮಗಳು. ಅವಳದೂ ಎಡಗೈ. ಅಜ್ಜನ ಹತ್ತಿರ ಎರಡು ವರ್ಷ ಕಲಿತಿದ್ದಳು. ಊರಿನ ದೊಡ್ಡ ಸಂಗೀತ ಶಾಲೆಗೆ ಸೇರಿಸಲು ಹೋದರೆ ಅಲ್ಲಿಯ ಮುಖ್ಯಸ್ಥೆ, "ಬಲಗೈಗೆ ಬದಲಾಯಿಸಿದರೆ ಮಾತ್ರ ಸೀಟು. ಎಡಗೈಲಿ ನುಡಿಸಿ ಮುಂದೆ ಬಂದೋರು ಒಬ್ಬರನ್ನ ತೋರಿಸಿ, ನೋಡೋಣ" ಎಂದಿದ್ದರು. ಮೇಷ್ಟ್ರು, "ಒಂದು ತಿಂಗಳು ತಾಳಿ, ಪತ್ರಿಕೇಲೇ ತೋರಿಸ್ತೀನಿ" ಎಂದು ಬಂದಿದ್ದರು. ಪತ್ರಿಕೆ ಬಂದ ದಿನ ಅಂಗಡಿಯಲ್ಲಿ ಕೊಂಡು, ಬಿಡಿಸಿಯೂ ನೋಡದೆ, ಮಡಿಕೆ ಕೂಡ ಬೀಳಬಾರದೆಂದು ಎದೆಗವಚಿಕೊಂಡು, ಮೊಮ್ಮಗಳ ಕೈ ಹಿಡಿದು ನೇರ ಶಾಲೆಗೆ ಹೋಗಿದ್ದರು. ಮುಖ್ಯಸ್ಥೆಯ ಮೇಜಿನ ಮೇಲೆಯೇ ಮೊದಲ ಸಲ ಬಿಡಿಸಿದ್ದು.

"ಅವರು ನೋಡಿ ನಕ್ಕರು. ಮೇಷ್ಟ್ರೇ, ನೀವೇ ಬಲಗೈಲಿ ನುಡಿಸ್ತಾ ಮಗೂಗೆ ಯಾಕೆ ಎಡಗೈ ಕಲಿಸ್ತೀರಿ ಅಂದ್ರು. ಬರೆದಿದ್ದರಲ್ಲಿ ತೋರಿಸೋಣ ಅಂತ ಹುಡುಕಿದೆ. ಅದೂ ಇರಲಿಲ್ಲ. ನುಡಿಸಿ ತೋರಿಸ್ತೀನಿ ಅಂದ್ರೂ ಕೇಳಲಿಲ್ಲ."

ನಾನು ಏನು ಹೇಳಿದೆ ಗೊತ್ತೇ? ಈ ನಾಲಗೆಯನ್ನು ಏನು ಮಾಡಬೇಕೋ!

"ಪ್ರೆಸ್ಸಿನವರ ತಪ್ಪು, ಮೇಷ್ಟ್ರೇ. ಅಲ್ಲಿ ಒಮ್ಮೊಮ್ಮೆ ಹೀಗಾಗಿಬಿಡುತ್ತೆ" ಅಂದೆ.

"ಅಯ್ಯೋ, ಪಾಪ. ಅವರಿಗೆ ಏನೂ ಅನ್ನಬೇಡಿ. ಕೆಲಸ ಹೋಗಬಾರದು" ಅಂದರು ಮೇಷ್ಟ್ರು.

ಮುಂದಿನ ಸಂಚಿಕೆಯಲ್ಲಿ ಅರವತ್ತೆರಡನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿಸಿದೆ. ಇರುವೆ ಗಾತ್ರದ ಅಕ್ಷರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಾನು ಕೊಟ್ಟದ್ದು ಇರುವೆ. ಅದನ್ನು ಶಾಲೆಯವರು ಓದಲಿಲ್ಲ. ಯಾರೂ ಓದಲಿಲ್ಲ. ಆ ವರ್ಷದ ಒಳ್ಳೆಯ ಪುಟವಿನ್ಯಾಸಕ್ಕೆ ಬಹುಮಾನ ಬಂದದ್ದು ಮಾತ್ರ ನಲವತ್ತು, ನಲವತ್ತೊಂದನೆಯ ಪುಟಕ್ಕೆ. ವೇದಿಕೆ ಹತ್ತಿ ತಗೊಂಡೆ, ನಾಚಿಕೆಗೆಟ್ಟವಳು.

ಆಮೇಲೆ ಮೇಷ್ಟ್ರ ಮನೆಗೆ ಹೋಗತೊಡಗಿದೆ. ಮೊದಮೊದಲು ಮೂಲ ಚಿತ್ರದ ಪ್ರತಿ ಕೊಡುವ ನೆಪ, ಆಮೇಲೆ ನೆಪವೂ ಬೇಕಾಗಲಿಲ್ಲ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂತ ಮೆಟ್ಟಿಲು ಹತ್ತುತ್ತಿದ್ದೆ, ಬಿಸಿ ಬಿಸಿ ಚಹಾ ಕುಡಿದು ಇಳಿಯುತ್ತಿದ್ದೆ. ಮೂರನೆಯ ಮಹಡಿಯ ಎರಡು ಕೋಣೆ. ಮಗ, ಸೊಸೆ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಿದ್ದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕೂತು ತಮ್ಮ ಬಾಳನ್ನು ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಿದ್ದರು. ನಾನು ಕತ್ತರಿಸಿ ಎಸೆದ ಹನ್ನೊಂದು ಸಾಲು ಅಲ್ಲಿ ಎರಡು ವರ್ಷ ಹರಿಯಿತು.

ಅವರಪ್ಪ ಬಡಗಿ. ಸೋದರಮಾವನ ಪಿಟೀಲನ್ನು ಮೊದಲ ಸಲ ಮುಟ್ಟಿದಾಗ ಐದು ವರ್ಷ, ಕೈ ತಾನಾಗಿಯೇ ಉಲ್ಟಾ ಹಿಡಿಯಿತು. ಮೊದಲ ಗುರು ಎಡಗೈಯನ್ನು ಕುರ್ಚಿಗೆ ಕರವಸ್ತ್ರದಿಂದ ಕಟ್ಟಿ ಕಲಿಸಿದರು. ಒಂಬತ್ತು ತಿಂಗಳು ಹೀಗೇ ನಡೆದ ಮೇಲೆ ಹುಡುಗ ಮನೆಗೆ ಓಡಿ ಬಂದ. ಅಪ್ಪ ಬೈಯಲಿಲ್ಲ. ಪಿಟೀಲನ್ನು ಬಿಚ್ಚಿ, ನಾದಕ್ಕಾಗಿ ಒಳಗೆ ನಿಲ್ಲಿಸಿದ ಸಣ್ಣ ಕಡ್ಡಿಯನ್ನು ಆ ಬದಿಯಿಂದ ಈ ಬದಿಗೆ ಸರಿಸಿ, ತಂತಿಗಳನ್ನು ತಿರುವುಮುರುವು ಕಟ್ಟಿಕೊಟ್ಟ. "ಮರಕ್ಕೆ ಎಡ ಬಲ ಗೊತ್ತಿಲ್ಲ ಮಗಾ, ಮನುಷ್ಯನಿಗೆ ಮಾತ್ರ" ಅಂದನಂತೆ.

ನಲವತ್ತು ವರ್ಷ ರಂಗಮಂದಿರಗಳಲ್ಲಿ, ಮದುವೆಗಳಲ್ಲಿ ನುಡಿಸಿದರು. ಯಾವಾಗಲೂ ಸಾಲಿನ ಕೊನೆಯ ಕುರ್ಚಿ. ನಡುವೆ ಕೂತರೆ ಇವರ ಕಮಾನು ಪಕ್ಕದವರ ಕಮಾನಿಗೆ ಡಿಕ್ಕಿ ಹೊಡೆಯುತ್ತಿತ್ತು. "ಮದುವೆ ಆದಾಗ ನನ್ನವಳಿಗೂ ಹೇಳಿದ್ದೆ, ನನ್ನ ಎಡಗಡೆ ಕೂತ್ಕೋಬೇಡ, ಕಣ್ಣು ಹೋದೀತು ಅಂತ" ಎಂದು ನಗುತ್ತಿದ್ದರು. ಗುಂಪಿನ ಫೋಟೋಗಳಿದ್ದ ಒಂದು ಡಬ್ಬ ತೋರಿಸಿದರು. ಎಲ್ಲದರಲ್ಲೂ ಅಂಚಿನಲ್ಲಿ ಒಂದು ಮೊಣಕೈ, ಅರ್ಧ ಕಿವಿ, ಒಂದು ಬೂಟು. ಪತ್ರಿಕೆಗಳಲ್ಲಿ ಬಂದಾಗ ಅದೂ ಇರುತ್ತಿರಲಿಲ್ಲ. ಅಂಚು ಕತ್ತರಿಸುವವರು ಯಾರು? ನನ್ನಂಥವರೇ.

"ಒಂದು ಸಲ ಪೂರ್ತಿ ಬಂದೆ ನೋಡಿ, ನಿಮ್ಮಿಂದ" ಎಂದರು. ಚುಚ್ಚಲಿಕ್ಕೆ ಹೇಳಿದ್ದಲ್ಲ. ಅದಕ್ಕೇ ಚುಚ್ಚಿತು.

ಕೊನೆಗೆ ಒಂದು ಭಾನುವಾರ ಹೋದಾಗ ಗೋಡೆಯ ಮೇಲೆ ನನ್ನ ಜೋಡಿಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಸರಿಯಾದ ಚಿತ್ರದ ಪ್ರತಿಯನ್ನು ನಾನೇ ಕೊಟ್ಟಿದ್ದೆ, ಅದು ಡಬ್ಬದಲ್ಲೇ ಇತ್ತು. ಎದುರುಗೋಡೆಗೆ ಒಂದು ಆಳೆತ್ತರದ ಕನ್ನಡಿ.

"ಬರೀ ಫೋಟೋ ಯಾರಾದ್ರೂ ತೆಗೀತಾರೆ. ಪತ್ರಿಕೇಲಿ ಬಂದದ್ದು ಅಂದ್ರೆ ಅದರ ಗತ್ತೇ ಬೇರೆ. ಇಲ್ಲಿ ನಿಂತು ಕನ್ನಡೀಲಿ ನೋಡಿ" ಅಂದರು ಮೇಷ್ಟ್ರು.

ನೋಡಿದೆ. ಅಕ್ಷರಗಳೆಲ್ಲ ಹಿಂದುಮುಂದಾಗಿ ನಿಂತಿದ್ದವು. ಆದರೆ ಕಮಾನು ಎಡಗೈಗೆ ಬಂದಿತ್ತು, ಜೇಬೂ ಎಡಕ್ಕೆ ಬಂದಿತ್ತು. ಚಿತ್ರದ ಅಜ್ಜ ಕನ್ನಡಿಯಲ್ಲಿ ಸರಿಯಾಗಿದ್ದರು.

ಒಳಕೋಣೆಯಿಂದ ಮೊಮ್ಮಗಳು ಪಿಟೀಲು ಹಿಡಿದು ಬಂದಳು. ಈಗ ಒಂಬತ್ತು ವರ್ಷ. ಕಮಾನು ಬಲಗೈಯಲ್ಲಿತ್ತು. ಶಾಲೆಯವರು ಬದಲಾಯಿಸಿದ್ದರು.

"ನೋಡು ಪುಟ್ಟಿ, ಕನ್ನಡೀಲಿ ನೀನೂ ಎಡಗೈ, ನಾನೂ ಎಡಗೈ" ಅಂದರು ಮೇಷ್ಟ್ರು, ಹುರುಪಿನಿಂದ.

ಅವಳು ಬೇಸರದಿಂದ ಒಮ್ಮೆ ನೋಡಿದಳು. "ಕನ್ನಡೀಲಿ ಎಲ್ಲರೂ ಎಡಗೈಯವರೇ, ಅಜ್ಜ" ಎಂದಳು.

ನನಗೆ ತಡೆಯಲಾಗಲಿಲ್ಲ. ಎರಡು ವರ್ಷದಿಂದ ಹೇಳದೆ ಉಳಿದದ್ದು ಹೊರಗೆ ಬಿತ್ತು.

"ಪ್ರೆಸ್ಸಿನವರಲ್ಲ, ಮೇಷ್ಟ್ರೇ. ನಾನೇ ತಿರುಗಿಸಿದ್ದು. ಅವರು ಕೇಳಿದ್ರು, ಗೊತ್ತಿದ್ದೂ ಹೊಡೀರಿ ಅಂದೆ. ಕೊನೇ ಪ್ಯಾರಾ ಕತ್ತರಿಸಿದ್ದೂ ನಾನೇ."

"ಗೊತ್ತಮ್ಮ" ಅಂದರು.

"ಯಾವಾಗಿಂದ?" ಅಂದೆ.

"ನಿಮ್ಮ ಕಚೇರಿಗೆ ಬಂದಿದ್ದೆನಲ್ಲ, ಅಲ್ಲಿಂದ ನೇರ ಪ್ರೆಸ್ಸಿಗೇ ಹೋದೆ. ಪಾಪ, ತಪ್ಪಾಯ್ತು ಅಂತ ಕೊರಗ್ತಿರ್ತಾರೆ, ನನಗೇನೂ ಬೇಜಾರಿಲ್ಲ ಅಂತ ಹೇಳಿ ಬರೋಣ ಅಂತ. ಆ ಯಜಮಾನ್ರು ಜೇಬಿನ ವಿಷಯ ಹೇಳಿದ್ರು."

"ಮತ್ತೆ ಯಾಕೆ ಇಷ್ಟು ದಿನ ನನ್ನನ್ನ ಏನೂ ಕೇಳಲಿಲ್ಲ? ಚಹಾ ಕೊಟ್ರಿ, ಕಥೆ ಹೇಳಿದ್ರಿ…"

"ನೀವಾಗೇ ಹೇಳ್ಲಿ ಅಂತ. ಬೇಗ ಹೇಳಿದ್ದಿದ್ರೆ ನಿಮ್ಮನ್ನೇ ಕರ್ಕೊಂಡು ಶಾಲೆಗೆ ಹೋಗೋಣ ಅಂತಿದ್ದೆ. ಪುಟ ಮಾಡಿದವರೇ ಬಂದು ಹೇಳಿದ್ರೆ ನಂಬ್ತಿದ್ರೇನೋ" ಅಂದರು. ಕೋಪದ ಎಳೆಯೂ ಇರಲಿಲ್ಲ. "ಈಗ ಬಿಡಿ, ಅವಳ ಕೈ ಕೂತುಬಿಟ್ಟಿದೆ."

ಮೊಮ್ಮಗಳು ನಮ್ಮಿಬ್ಬರನ್ನೂ ನೋಡಿ, ನುಡಿಸಲಾ ಬೇಡವಾ ಎಂದು ಕೇಳಿದಳು. ನುಡಿಸು ಎಂದರು ಅಜ್ಜ. ಅವಳು ಕನ್ನಡಿಗೆ ಬೆನ್ನು ಹಾಕಿ ನಿಂತು, ಬಲಗೈಯಲ್ಲಿ ನುಡಿಸತೊಡಗಿದಳು.