ಸೊಕ್ಕೆ ಟವರಿನ ಕೇಬಲ್ ಎಷ್ಟು ಮಾರು

ಬಿಳಿಚೋಡಿನ ಮಾರುತೇಶ್ ಅವರ ಒಂದು ಮಾರು, ಅಂದರೆ ಎರಡೂ ತೋಳು ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ, ಒಂದು ಮೀಟರ್ ಎಪ್ಪತ್ತೊಂದು ಸೆಂಟಿಮೀಟರ್. ಒಂದು ಮೊಳ ನಲವತ್ತಾರು ಸೆಂಟಿಮೀಟರ್. ತಮ್ಮ ಆಧಾರ್ ಸಂಖ್ಯೆ ಅವರಿಗೆ ನೆನಪಿರುವುದಿಲ್ಲ, ಈ ಎರಡು ಸಂಖ್ಯೆ ನೆನಪಿರುತ್ತವೆ. ತಾಯಿ ಬೊಮ್ಮಕ್ಕ ಜಗಳೂರು ಸಂತೆಯಲ್ಲಿ ಹಗ್ಗದ ಅಂಗಡಿ ಇಡುತ್ತಿದ್ದವರು. ಹಗ್ಗ ಕೊಳ್ಳುವವರು ಮನೆಯಲ್ಲಿ ಯಾರ ತೋಳು ಉದ್ದವೋ ಅವರನ್ನೇ ಸಂತೆಗೆ ಕರೆತರುವುದು ರೂಢಿ. ಅಂಥವರನ್ನು ಎದುರಿಸಲೆಂದೇ ಬೊಮ್ಮಕ್ಕ ತಮ್ಮ ಮನೆಯವರ ತೋಳಿನ ಅಳತೆಯನ್ನು ಗಟ್ಟಿ ಮಾಡಿಟ್ಟಿದ್ದರು.

ಮಾರುತೇಶ್ ಅವರಿಗೆ ಈಗ ಮೂವತ್ತಾರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಮೊಬೈಲ್ ಟವರ್ ಕೂರಿಸುವ ಒಂದು ಗುತ್ತಿಗೆ ಕಂಪನಿಯಲ್ಲಿ ತಂತ್ರಜ್ಞ. ಟವರಿನ ಯಂತ್ರಕ್ಕೆ ಸರಿಯಾದ ಸಮಯ ಬೇಕು. ಅದನ್ನು ಮೇಲಿರುವ ಅಣಬೆಯಾಕಾರದ ಆಂಟೆನಾ ಉಪಗ್ರಹದಿಂದ ಹಿಡಿದು ಕೇಬಲ್ ಮೂಲಕ ಕೆಳಗೆ ಕಳಿಸುತ್ತದೆ. ಕೇಬಲ್ಲಿನಲ್ಲಿ ಇಳಿದು ಬರಲು ಸಂಕೇತಕ್ಕೆ ಮೀಟರಿಗೆ ಸುಮಾರು ಐದು ನ್ಯಾನೊ ಸೆಕೆಂಡು ಹಿಡಿಯುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊ ಸೆಕೆಂಡು. ಎಷ್ಟು ತಡವಾಯಿತೆಂದು ಯಂತ್ರಕ್ಕೆ ತಿಳಿಸಿದರೆ ಅದು ಅಷ್ಟನ್ನು ಸರಿದೂಗಿಸಿಕೊಳ್ಳುತ್ತದೆ. ಕೆಲಸ ಇಷ್ಟೇ.

ಕಳೆದ ಫೆಬ್ರುವರಿಯಲ್ಲಿ ದಾವಣಗೆರೆ ಕಚೇರಿಯಿಂದ ಆದೇಶ ಬಂತು: ಎಲ್ಲ ಟವರುಗಳ ಕೇಬಲ್ ತಡವನ್ನು ಮೂರು ವಾರದೊಳಗೆ ಮತ್ತೆ ನಮೂದಿಸಬೇಕು. ಹಿಂದೆ ಬಿದ್ದವರ ಗುತ್ತಿಗೆ ಮಾರ್ಚ್ ಮೂವತ್ತೊಂದರ ನಂತರ ಮುಂದುವರಿಯುವುದಿಲ್ಲ. ಅಳೆಯಲು ತಲಾ ಒಂದು ಟೇಪು ಕೊಟ್ಟರು. ಕೇಬಲ್ ಮೂವತ್ತು ಮೀಟರಿನ ಆಸುಪಾಸು, ಟೇಪು ಐದು ಮೀಟರಿನದು.

ಸಹೋದ್ಯೋಗಿ ವೆಂಕಟೇಶ್ ಬಸವಾಪಟ್ಟಣದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕುಳಿತು ಎರಡೇ ದಿನದಲ್ಲಿ ಅರವತ್ತನಾಲ್ಕು ಟವರ್ ಮುಗಿಸಿದರು. ಎಲ್ಲಕ್ಕೂ ೧೫೦ ನ್ಯಾನೊ ಸೆಕೆಂಡು.

"ಡಬ್ಬಿ ಮೇಲೆ ಮೂವತ್ತು ಮೀಟರ್ ಅಂತ ಬರ್ದೈತಲ್ಲೋ. ಕಂಪನಿಯೋರೇ ಅಳದು ಕಳಿಸ್ಯಾರೆ" ಎಂದರು ಮಾರುತೇಶ್ ಅವರಿಗೆ.

"ಕೂರಿಸೋವಾಗ ಕತ್ತರಿಸ್ತೀವಲ್ಲ ವೆಂಕಟೇಶಣ್ಣ. ಸಾಲ್ದೇ ಹೋದಲ್ಲಿ ಜೋಡಿಸ್ತೀವಿ."

"ಅದಕ್ಕೆ ಕಂಬ ಹತ್ತಿ ಮೊಳ ಹಾಕ್ತೀಯಾ? ಹೂವಿನ ಅಂಗಡಿ ಇಡೋ ವಿಚಾರ ಐತೇನು?"

ಮಾರುತೇಶ್ ಮೊಳ ಹಾಕುತ್ತಿದ್ದುದು ನಿಜ. ಏಣಿಯ ಮೇಲೆ ಒಂದು ಕೈ ಹಿಡಿತಕ್ಕೆ ಬೇಕಾಗುವುದರಿಂದ ಅಲ್ಲಿ ಮೊಳ. ಕೆಳಗೆ ಸುತ್ತಿಟ್ಟ ಸುರುಳಿಯನ್ನು ಬಿಚ್ಚಿ ಮಾರು. ದಿನಕ್ಕೆ ಒಂದು ಟವರ್ ಆಗುತ್ತಿತ್ತು. ಹತ್ತಿಪ್ಪತ್ತು ನ್ಯಾನೊ ಸೆಕೆಂಡು ಆಚೀಚೆಯಾದರೆ ಯಾರ ಕರೆಯೂ ಕಟ್ಟಾಗುವುದಿಲ್ಲ ಎಂದು ಅವರೇ ಒಪ್ಪುತ್ತಾರೆ. ಆದರೂ ಅಳೆಯದೆ ಬರೆಯಲು ಅವರಿಗೆ ಕೈ ಬರಲಿಲ್ಲ. ಮೂರು ವಾರ ಮುಗಿದಾಗ ಹತ್ತೊಂಬತ್ತು ಟವರ್ ಆಗಿತ್ತು.

ಕಚೇರಿಯ ಮೇಲ್ವಿಚಾರಕ ಸತೀಶ್ ಕುಮಾರ್ ಫೋನ್ ಮಾಡಿದರು.

"ಏನ್ರೀ ಮಾರುತೇಶ್, ಶೀಟಿನಾಗೆ ನಿಮ್ಮ ಟವರಷ್ಟೇ ಕೆಂಪಗೆ ಕಾಣ್ತವೆ. ಒಂದಕ್ಕೆ ೧೩೭, ಸೊಕ್ಕೆದಕ್ಕೆ ೧೬೨. ಬಾಕಿಯೋರದ್ದೆಲ್ಲ ೧೫೦ ಐತೆ. ನಿಮಗೊಬ್ಬರಿಗೇ ಬ್ಯಾರೆ ಕೇಬಲ್ ಕೊಟ್ಟೀವೇನ್ರೀ?"

"ಅಳದಿದ್ದು ಅಷ್ಟೇ ಬಂತು ಸರ್."

"ಅಳೆಯಾಕೆ ಯಾರು ಹೇಳಿದ್ರು? ತುಂಬಾಕೆ ಹೇಳಿದ್ದು."

ಗುತ್ತಿಗೆ ಮುಂದುವರಿಯದವರ ಪಟ್ಟಿ ತಯಾರಾಯಿತು. ಅದರಲ್ಲಿದ್ದುದು ಒಂದೇ ಹೆಸರು.

ಪಟ್ಟಿಗೆ ಸಹಿ ಬೀಳುವ ಮೊದಲು ಬೆಂಗಳೂರಿನಿಂದ ತಪಾಸಣೆಗೆ ಕಾವ್ಯಶ್ರೀ ಎಂಬ ಎಂಜಿನಿಯರ್ ಬಂದರು. ಹೊನ್ನಾಳಿ ಕಡೆಯವರೇ. ಅವರ ಬಳಿ ಕೇಬಲ್ಲಿನ ತುದಿಗೆ ಸಿಕ್ಕಿಸಿದರೆ ತಡವನ್ನು ನೇರವಾಗಿ ತೋರಿಸುವ ಮೀಟರ್ ಇತ್ತು. ವೆಂಕಟೇಶ್ ೧೫೦ ಎಂದು ಬರೆದಿದ್ದ ನ್ಯಾಮತಿಯ ಟವರಿನಲ್ಲಿ ಅದು ೧೭೧ ತೋರಿಸಿತು. ಬಸವಾಪಟ್ಟಣದಲ್ಲಿ ೧೧೮.

"ನ್ಯಾಮತಿಯಾಗೆ ಬಿಸಿಲಿಗೆ ಕೇಬಲ್ ಹಿಗ್ಗಿರಬೌದು ಮೇಡಂ" ಎಂದರು ಸತೀಶ್ ಕುಮಾರ್.

"ಮತ್ತೆ ಬಸವಾಪಟ್ಟಣದಾಗೆ ಕುಗ್ಗೈತಲ್ರೀ?"

"ಅಲ್ಲಿ ತೋಟದ ನೆರಳು ಮೇಡಂ."

ಕೊನೆಗೆ ಮಾರುತೇಶ್ ಅಳೆದಿದ್ದ ಸೊಕ್ಕೆಯ ಟವರ್. ಮೀಟರ್ ೧೬೩ ತೋರಿಸಿತು. ಹಾಳೆಯಲ್ಲಿ ೧೬೨ ಇತ್ತು. ಕಾವ್ಯಶ್ರೀ ಎರಡು ಸಲ ನೋಡಿದರು.

"ಯಾವ ಸಾಧನದಾಗೆ ಅಳದ್ರಿ?"

ಮಾರುತೇಶ್ ಎರಡೂ ತೋಳು ಚಾಚಿ ನಿಂತರು. ಸತೀಶ್ ಕುಮಾರ್ ತಲೆ ತಗ್ಗಿಸಿದರು. ಇನ್ನೊಮ್ಮೆ ಅಳೆದು ತೋರಿಸಲು ಕಾವ್ಯಶ್ರೀ ಹೇಳಿದರು. ಮಾರುತೇಶ್ ಹತ್ತಿ, ಇಳಿದು, ಸುರುಳಿ ಬಿಚ್ಚಿ ಲೆಕ್ಕ ಹೇಳಿದರು: ಮೂವತ್ತೆರಡು ಮೀಟರ್ ನಲವತ್ತು ಸೆಂಟಿಮೀಟರ್. ಐದರಿಂದ ಗುಣಿಸಿದರೆ ಮತ್ತೆ ೧೬೨.

ತಪಾಸಣಾ ವರದಿಯಲ್ಲಿ ಖಾಲಿ ಬಿಡಲಾಗದ ಮೂರು ಅಂಕಣಗಳಿದ್ದವು: ಅಳತೆ ಸಾಧನದ ಹೆಸರು, ಕ್ರಮ ಸಂಖ್ಯೆ, ಮಾನ್ಯತೆಯ ಕೊನೆಯ ದಿನ. ಕಾವ್ಯಶ್ರೀ ಮೊದಲನೆಯದರಲ್ಲಿ ಮಾರುತೇಶ್ ಎಂದೂ, ಎರಡನೆಯದರಲ್ಲಿ ಅವರ ಸಿಬ್ಬಂದಿ ಸಂಖ್ಯೆಯನ್ನೂ, ಮೂರನೆಯದರಲ್ಲಿ ಗುತ್ತಿಗೆ ಮುಗಿಯುವ ದಿನವಾದ ಮಾರ್ಚ್ ಮೂವತ್ತೊಂದನ್ನೂ ಬರೆದು ಕಳಿಸಿದರು.

ಅದನ್ನು ಓದಿದ ಬೆಂಗಳೂರಿನ ಗಣಕಯಂತ್ರ ದಾವಣಗೆರೆಗೆ ಎಚ್ಚರಿಕೆ ಕಳಿಸಿತು. ಮಾನ್ಯ ಸಾಧನದಿಂದ ಅಳೆದಿರುವುದು ಹತ್ತೊಂಬತ್ತೇ ಟವರ್. ಏಪ್ರಿಲ್ ಒಂದರಿಂದ ಸಾಧನದ ಮಾನ್ಯತೆ ಮುಗಿಯುವುದರಿಂದ ಅವನ್ನೂ ಮೇಲ್ವಿಚಾರಕರ ಸಮ್ಮುಖದಲ್ಲಿ ಮತ್ತೆ ಅಳೆಯಬೇಕು. ಸಮ್ಮುಖ ಎಂದರೆ ಟವರಿನ ಮೇಲೆ ಎಂದು ನಿಯಮದಲ್ಲಿ ವಿವರಣೆ ಇತ್ತು. ಸತೀಶ್ ಕುಮಾರ್ ಅವರಿಗೆ ಮಹಡಿಯ ಅಂಚಿನಲ್ಲಿ ನಿಂತರೂ ತಲೆ ಸುತ್ತುತ್ತದೆ.

ಮಾರ್ಚ್ ಇಪ್ಪತ್ತೊಂಬತ್ತರಂದು ಮಾರುತೇಶ್ ಅವರ ಗುತ್ತಿಗೆ ಒಂದು ವರ್ಷ ಮುಂದುವರಿಯಿತು. ಪತ್ರದ ವಿಷಯದ ಸಾಲಿನಲ್ಲಿ 'ಅಳತೆ ಸಾಧನದ ಮಾನ್ಯತೆ ನವೀಕರಣ' ಎಂದಿತ್ತು. ವೆಂಕಟೇಶ್ ಅವರ ಅರವತ್ತನಾಲ್ಕು ಟವರುಗಳನ್ನೂ ಇದೇ ಸಾಧನದಿಂದ ಅಳೆಯಬೇಕೆಂದೂ, ವೇಗದ ಬಗ್ಗೆ ಅನುಭವವಿರುವ ವೆಂಕಟೇಶ್ ಮಾರ್ಗದರ್ಶನ ನೀಡಬೇಕೆಂದೂ ಅದರಲ್ಲಿ ಸೂಚನೆ. ಕೆಳಗೆ ಅಚ್ಚಾದ ಸಾಮಾನ್ಯ ಷರತ್ತು: ಸಾಧನವನ್ನು ಬಿಸಿಲು ತಾಗದಂತೆ, ತಂಪಾದ ಜಾಗದಲ್ಲಿ ಇಡತಕ್ಕದ್ದು.

ಪತ್ರ ಮೊಬೈಲಿಗೆ ಬಂದ ಮರುದಿನ ಸಾಧನ ನ್ಯಾಮತಿಯಲ್ಲಿ, ನೆಲದಿಂದ ಎಂಬತ್ತು ಅಡಿ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಐವತ್ತಮೂರನೆಯ ಮೊಳ ಹಾಕುತ್ತಿತ್ತು. ಕೆಳಗೆ ನೆರಳಿನಲ್ಲಿ ಕುಳಿತ ವೆಂಕಟೇಶ್ ಮಾರ್ಗದರ್ಶನ ನೀಡುತ್ತಿದ್ದರು.