ಬಾಗಿಲಲ್ಲೇ ಬೇಸಿನ್

ಮನೆ ಮಾಡುವವರು ಮೊದಲು ದೇವರ ಕೋಣೆ ಎಲ್ಲಿ ಎಂದು ಯೋಚಿಸುತ್ತಾರೆ, ಇಲ್ಲವೇ ಅಡುಗೆಮನೆ ಎಲ್ಲಿ ಎಂದು. ನಮ್ಮ ರಮಾನಾಥ ಮೊದಲು ಯೋಚಿಸಿದ್ದು ಕೈ ತೊಳೆಯುವ ಬೇಸಿನ್ ಎಲ್ಲಿ ಎಂದು. ಅದು ಬಾಗಿಲ ಪಕ್ಕದಲ್ಲೇ ಇರಬೇಕು. ತಿಂದವರು ಕೈ ತೊಳೆದು ಹಾಗೇ ಹೊರಗೆ ನಡೆಯಬೇಕೇ ಹೊರತು ಮತ್ತೆ ಒಳಗೆ ಬಂದು ಕುರ್ಚಿಗೆ ಅಂಟಿಕೊಳ್ಳಬಾರದು. ಮೂವತ್ತೊಂಬತ್ತು ವರ್ಷ ಬೊಂಬಾಯಿಯ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸವೆದ ತಲೆಗೆ ಬೇರೆ ಏನು ಹೊಳೆದೀತು ಹೇಳಿ!

ಹದಿನೇಳನೇ ವಯಸ್ಸಿಗೆ ಉಡುಪಿ ಕಡೆಯ ಶಿರ್ವದಿಂದ ಬಂದು ಟೇಬಲ್ ಒರೆಸಲು ನಿಂತವನು ಅವನು. ಆಮೇಲೆ ಸಪ್ಲಾಯರ್ ಆದ, ಗಲ್ಲಾದಲ್ಲಿ ಕುಳಿತ, ಈಗ ಮ್ಯಾನೇಜರ್. ಹುದ್ದೆ ಬದಲಾದರೂ ವಿಳಾಸ ಬದಲಾಗಲಿಲ್ಲ. ಗಿರಾಕಿಗಳು ದೋಸೆ ತಿಂದು ಎದ್ದ ಟೇಬಲುಗಳೇ ಶಟರ್ ಎಳೆದ ಮೇಲೆ ಅವನ ಮಂಚ. ಎರಡು ಟೇಬಲ್ ಜೋಡಿಸಿದರೆ ಐದಡಿ. ರಮಾನಾಥ ಐದೂಮುಕ್ಕಾಲು ಅಡಿ. ಹೆಚ್ಚಾದ ಆ ಮುಕ್ಕಾಲು ಅಡಿಯನ್ನು ಮಂಡಿ ಮಡಚಿ ಸುಧಾರಿಸಿಕೊಂಡಿದ್ದ.

ನಡುವೆ ಮದುವೆಯೂ ಆಯಿತು, ಮಗಳೂ ಹುಟ್ಟಿದಳು. ಹೆಂಡತಿ ಸೇವಂತಿ ಊರಿನಲ್ಲೇ ಉಳಿದು, ಬೀಡಿ ಕಟ್ಟಿ ಮಗಳನ್ನು ಓದಿಸಿದಳು. ಇವನು ವರ್ಷಕ್ಕೆ ಎರಡು ಸಲ ನೆಂಟನ ಹಾಗೆ ಹೋಗಿ ಬರುತ್ತಿದ್ದ. ಒಮ್ಮೆ ಊರಿನಲ್ಲಿ ಊಟ ಮುಗಿಸಿ ಹರಟುತ್ತ ಕುಳಿತಿದ್ದ ಸ್ವಂತ ಭಾವನ ಬಳಿ ಹೋಗಿ, ಬಗ್ಗಿ, ಗಿರಾಕಿಯನ್ನು ಎಬ್ಬಿಸುವ ದನಿಯಲ್ಲಿ, "ಮತ್ತೆ ಎಂತಾದ್ರೂ ಬೇಕಾ?" ಎಂದು ಕೇಳಿಬಿಟ್ಟ. ಭಾವ ಎದ್ದು ಹೋದವರು ಎರಡು ವರ್ಷ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮಗಳು ಯಕ್ಷಿತಾ ಪವಾಯಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಹಾಸ್ಟೆಲಿನಲ್ಲಿ ಉಳಿದ ಮೇಲೆ ಅಪ್ಪ ಮಗಳು ಸೇರಿ ಬೊಂಬಾಯಿಯ ಹೊರವಲಯದ ಬದ್ಲಾಪುರದಲ್ಲಿ ಒಂದು ಫ್ಲಾಟ್ ಹಿಡಿದರು. ಏಳನೇ ಮಾಳಿಗೆ. ಹೊರಗೋಡೆ ಎದ್ದಿತ್ತು, ಒಳಗೆ ಇನ್ನೂ ಬಯಲು. ಬಿಲ್ಡರನ ಆಫೀಸಿನಿಂದ ಫೋನ್ ಬಂತು: ಒಳಗೋಡೆ ಎಲ್ಲಿ ಬೇಕೆಂದು ಭಾನುವಾರದೊಳಗೆ ತಿಳಿಸಿ, ಆಮೇಲೆ ನಾವು ಹಾಕಿದ್ದೇ ಗೋಡೆ.

"ಅಮ್ಮನನ್ನು ಕೇಳಿ ಪಪ್ಪಾ," ಎಂದಳು ಯಕ್ಷಿತಾ.

"ಅವಳಿಗೆಂತ ಗೊತ್ತು ಬೊಂಬಾಯಿಯ ಮನೆ?" ಎಂದ ರಮಾನಾಥ. ಇವನಿಗೆ ಗೊತ್ತಿತ್ತೇ? ಬೊಂಬಾಯಿಯ ಯಾವ ಮನೆಯಲ್ಲೂ ಒಂದು ದಿನ ವಾಸ ಮಾಡಿದವನಲ್ಲ. ಆದರೆ ಗಂಡಸು ನೋಡಿ, ಅದರ ಮೇಲೆ ಮ್ಯಾನೇಜರ್.

ಸೇವಂತಿ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಭಾನುವಾರ ಬೆಳಿಗ್ಗೆ ಬರ್ತೇನೆ. ನನಗೆ ಇರ್ಲಿಕ್ಕೆ ಆಗುವ ಹಾಗೆ ಇದ್ರೆ ಇರ್ತೇನೆ. ಇಲ್ಲದಿದ್ರೆ ಮಂಗಳವಾರದ ಗಾಡಿಗೆ ವಾಪಸ್. ಟಿಕೆಟ್ ಮಾಡಿಸಿ ಆಗಿದೆ."

ರಮಾನಾಥ ಫೋನಿಟ್ಟು ಒಬ್ಬನೇ ಗಿರಾಕಿಗೆ ಎರಡು ಸಲ ಚಿಲ್ಲರೆ ಕೊಟ್ಟ. ಮನೆಯೊಂದು ಆಗಲಿ, ಅವಳನ್ನು ಕರೆಸಿಕೊಳ್ಳುತ್ತೇನೆ ಎಂದು ಮದುವೆಯಾದ ಇಪ್ಪತ್ತೆಂಟು ವರ್ಷದಿಂದ ಹೋಟೆಲಿನವರ ಎದುರು ಹೇಳಿಕೊಂಡು ಬಂದಿದ್ದ. ಈಗ ಅವಳು ಬಂದು, ನೋಡಿ, ವಾಪಸ್ ಹೋದರೆ? ಆ ಮನೆಯಲ್ಲಿ ಒಬ್ಬನೇ ಕುಳಿತು ಅವನು ಮಾಡುವುದಾದರೂ ಏನು? ಅವಳು ಬೇಕಾಗಿತ್ತು ಅವನಿಗೆ, ಅಷ್ಟೇ. ಅದನ್ನು ಹೇಳಲು ಬಾರದ್ದರಿಂದ ಅವಳು ಬೆರಗಾಗುವಂಥ ನಕ್ಷೆಯನ್ನೇ ಹಾಕುತ್ತೇನೆಂದು ಕುಳಿತ.

ಮೂರು ದಿನ ಗಲ್ಲಾದಲ್ಲಿ ಕುಳಿತೇ ಹಳೆಯ ಮೆನು ಕಾರ್ಡಿನ ಹಿಂದೆ ಗೆರೆ ಎಳೆದ. ಬಾಗಿಲಲ್ಲೇ ಬೇಸಿನ್. ಎದುರಿಗೆ ಮೇಜು, ಗೋಡೆಗೆ ಮುಖ ಮಾಡಿದ ಬೆಂಚು. ಗೋಡೆ ನೋಡುತ್ತ ತಿನ್ನುವವರು ಬೇಗ ತಿನ್ನುತ್ತಾರೆ, ಇದು ಅವನ ಜೀವಮಾನದ ಸಂಶೋಧನೆ. ಅಡುಗೆಮನೆಯ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ; ಒಳಗಿನಿಂದ ಸೇವಂತಿ ತಟ್ಟೆ ನೂಕಿದರೆ ಹೊರಗಿನಿಂದ ಇವನು ಎತ್ತಿಕೊಳ್ಳುವುದು. ಬಾಗಿಲಿಗೆ ಮುಖ ಮಾಡಿ ಒಂದು ಎತ್ತರದ ಮೇಜು, ತಾನು ಕುಳಿತು ಹೋಗುವವರು ಬರುವವರನ್ನು ನೋಡಲಿಕ್ಕೆ. ಅಕ್ಕಿ ಮೂಟೆಗೆ ಉಗ್ರಾಣ. ಉಳಿದ ಮೂಲೆಯಲ್ಲಿ ಒಂದು ಪರದೆ ಎಳೆದು, ಬಹಳ ಯೋಚಿಸಿ, 'ಫ್ಯಾಮಿಲಿ ರೂಮ್' ಎಂದು ಬರೆದ. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡಿಗೂ ಜಾಗ ಗುರುತಿಸಿ, ಮರುದಿನ ತಾನೇ ನಾಚಿ ಅಳಿಸಿದ.

ಹೋಟೆಲಿನ ಧನಿಗಳು ಕಾರ್ಡು ನೋಡಿ, "ಭಾರೀ ಲಾಯ್ಕ ಉಂಟು ಮಾರಾಯ" ಎಂದರು. ಯಾಕೆ ಅನ್ನುವುದಿಲ್ಲ? ಅವರ ಹೋಟೆಲೇ ತಾನೆ ಅದು!

ಭಾನುವಾರ ರಮಾನಾಥ ರಜೆ ಹಾಕಿದ. ಗಿರಾಕಿಗಳು ನುಗ್ಗಿ ಬರುವ ದಿನ ಅದು. ಧನಿಗಳಿಗೆ ತಲೆ ತಿರುಗಿತು. ಕುರ್ಲಾ ಟರ್ಮಿನಸ್ಸಿನಲ್ಲಿ ರೈಲಿಳಿದ ಸೇವಂತಿಯನ್ನು ಲೋಕಲ್ಲಿಗೆ ಹತ್ತಿಸಿ ನೇರ ಬದ್ಲಾಪುರಕ್ಕೆ ಕರೆದೊಯ್ದ. ಲಿಫ್ಟ್ ಇನ್ನೂ ಆಗಿರಲಿಲ್ಲ. ಏಳು ಮಾಳಿಗೆ ಹತ್ತಿದಾಗ ಇವನು ಏದುಸಿರು ಬಿಡುತ್ತಿದ್ದ, ಅವಳು ಬಿಡಲಿಲ್ಲ.

ಮೇಲೆ ಬಿಜಾಪುರದ ಕಡೆಯ ಗೌಂಡಿ ಸಂಗಪ್ಪ ಕಾಯುತ್ತಿದ್ದ. ರಮಾನಾಥ ಮೊದಲೇ ಕೊಟ್ಟಿದ್ದ ಮೆನು ಕಾರ್ಡು ನೋಡಿ ನೋಡಿ ಬರಿ ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ಇಡೀ ಮನೆಯನ್ನು ಗೆರೆ ಎಳೆದಿಟ್ಟಿದ್ದ.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ," ಎಂದ. "ಇದು ಮನಿ ಏನ್ರಿ, ಖಾನಾವಳಿ?"

"ನೀವು ಗೋಡೆ ಎಬ್ಬಿಸಿ, ಸಾಕು," ಎಂದ ರಮಾನಾಥ.

ಸೇವಂತಿ ಚಪ್ಪಲಿ ಬಿಚ್ಚಿಟ್ಟು ಗೆರೆಯ ಮನೆಯೊಳಗೆ ಕಾಲಿಟ್ಟಳು. ರಮಾನಾಥ ಮುಂದೆ ಮುಂದೆ ನಡೆದು, ಕೈ ಬೀಸಿ, ಒಂದೊಂದನ್ನೇ ವಿವರಿಸಿದ. ಅವಳು ಬೇಸಿನ್ ದಾಟಿದಳು, ಬೆಂಚು ದಾಟಿದಳು, ಕಿಂಡಿಯ ಗೆರೆಯ ಎದುರು ನಿಂತಳು.

"ಇದೆಂತ ಮಾರಾಯ್ರೆ?"

"ನೀನು ಒಳಗಿಂದ ಕೊಡುದು, ನಾನು ಹೊರಗಿಂದ ತಗೊಳ್ಳುದು. ನಡಿಗೆ ಉಳೀತದೆ."

"ಇಪ್ಪತ್ತೆಂಟು ವರ್ಷ ಫೋನಿನಲ್ಲಿ ಸಂಸಾರ ಮಾಡಿದ್ದು ಸಾಲದಾ? ಇನ್ನು ಕಿಂಡಿಯಲ್ಲಿ ಮಾಡ್ಬೇಕಾ?"

ಸಂಗಪ್ಪ ಕಿಟಕಿಯ ಕಡೆ ತಿರುಗಿ ಕೆಮ್ಮಿದ. ರಮಾನಾಥ ಕಿವಿವರೆಗೆ ಕೆಂಪಾದ. ಸೇವಂತಿ ಬಿಡಲಿಲ್ಲ. "ಅಕ್ಕಿ ಮೂಟೆ ಇಲ್ಲಿ. ಮಗಳು ಬಂದ್ರೆ ಪರದೆಯ ಒಳಗೆ, ನಾನೂ ಅಲ್ಲೇ. ಸರಿ. ನೀವು ಮಲಗುದೆಲ್ಲಿ?"

"ಎಲ್ಲಾ ಮುಗಿದ ಮೇಲೆ ಆ ಮೇಜು, ಬೆಂಚು ಜೋಡಿಸಿದ್ರೆ ಆಯ್ತಲ್ಲ," ಎಂದ ರಮಾನಾಥ ಥಟ್ಟನೆ.

ಹೇಳಿದ ಮೇಲೆಯೇ ಅವನಿಗೆ ಅರಿವಾಯಿತು. ಅಕ್ಕಿ ಮೂಟೆಗೂ ಜಾಗ ಬರೆದ ನಕ್ಷೆಯಲ್ಲಿ ತನಗೊಂದು ಜಾಗ ಬರೆದುಕೊಂಡಿರಲಿಲ್ಲ. ಅವಳು ಈಗ ಮಂಗಳವಾರದ ಮಾತು ತೆಗೆಯುತ್ತಾಳೆ ಎಂದು ಕಾದ.

"ಮಲಗಿ," ಎಂದಳು ಸೇವಂತಿ.

"ಎಂತ?"

"ಇಲ್ಲಿಯೇ, ಈ ಪರದೆಯ ಗೆರೆಯ ಒಳಗೆ ಮಲಗಿ. ಅಳತೆ ತೆಗೀಲಿ ಅವರು."

ಮ್ಯಾನೇಜರ್ ಗಿರಾಕಿಯ ಎದುರು ಎಂದೂ ಒರಗಿ ಕುಳಿತವನೂ ಅಲ್ಲ, ಗೌಂಡಿಯ ಎದುರು ಮಲಗುವುದೇ! ಆದರೂ ಮಲಗಿದ. ಕರವಸ್ತ್ರವನ್ನು ತಲೆಯಡಿ ಇಟ್ಟು, ಮಗ್ಗುಲಾಗಿ, ಕೈಗಳನ್ನು ಎದೆಗೆ ಒತ್ತಿ, ಮಂಡಿ ಮಡಚಿದ. ಸಂಗಪ್ಪ ಸೀಮೆಸುಣ್ಣ ಬದಿಗಿಟ್ಟು ಟೇಪು ಹಿಡಿದು ಬಗ್ಗಿದ.

"ತಡೀರಿ," ಎಂದಳು ಸೇವಂತಿ. ಗಂಡನ ಕಾಲ ಬಳಿ ಕುಳಿತಳು. "ಹೀಗಾ ಮಲಗುದು ನೀವು? ಇಷ್ಟು ವರ್ಷ?"

"ಟೇಬಲ್ ಸಣ್ಣದಲ್ವಾ. ಅಭ್ಯಾಸ ಆಗಿದೆ."

"ಊರಿಗೆ ಬಂದಾಗ್ಲೂ ಹೀಗೆಯೇ ಮಲಗ್ತಿದ್ರಿ. ಚಳಿ ಅಂತ ಗ್ರಹಿಸಿ ನಾನು ಹೊದಿಕೆ ಹಾಕ್ತಿದ್ದೆ." ಅವನ ಮಡಚಿದ ಮಂಡಿಯ ಮೇಲೆ ಅವಳು ಕೈ ಇಟ್ಟಳು. ಮರುಕ್ಷಣ ಸಿಟ್ಟು ಬಂತು. "ಎಂಥ ಜನ ನೀವು! ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ಕಾಲು ಚಾಚಿ. ಪೂರ್ತಿ ಚಾಚಿ."

ರಮಾನಾಥ ಚಾಚಿದ. ಮಂಡಿ ಟಕ್ಕೆಂದಿತು. ಹಿಮ್ಮಡಿಗಳು ಪರದೆಯ ಗೆರೆ ದಾಟಿ, ಅವನ ಎತ್ತರದ ಮೇಜಿನ ಗೆರೆಯನ್ನು ಒರೆಸಿಕೊಂಡು ಮುಂದೆ ಹೋದವು.

"ಇಲ್ಲಿ ಗ್ವಾಡಿ ಬಂದ್ರ ನಿಮ್ಮ ಗಲ್ಲಾ ಹೋಗ್ತೈತಿ ನೋಡ್ರಿ ಅಣ್ಣಾರ," ಎಂದ ಸಂಗಪ್ಪ.

"ಹೋಗ್ಲಿ," ಎಂದಳು ಸೇವಂತಿ. "ಗೋಡೆ ಹಾಕಿ. ಬಾಗಿಲು ಇಡಿ, ಪರದೆ ಬೇಡ. ಕಿಂಡಿ ಬೇಡ, ಆ ಗೋಡೆಯೇ ಬೇಡ."

"ಆಫೀಸಿಗಿ ಇವತ್ತ ಬರದು ಕೊಡಬೇಕ್ರಿ ಅಕ್ಕಾರ. ಹಾಳಿ ಐತೇನ್ರಿ?"

ಮೆನು ಕಾರ್ಡಿನಲ್ಲಿ ಒಂದಿಂಚು ಜಾಗವಿರಲಿಲ್ಲ. ಸೇವಂತಿ ಬ್ಯಾಗಿನ ಬಾಯಿ ತೆರೆದು ನಾಲ್ಕಾಗಿ ಮಡಚಿದ ಒಂದು ಕಾಗದ ತೆಗೆದಳು, ಬಿಡಿಸಿ, ಮಗುಚಿ ಕೊಟ್ಟಳು. "ಹಿಂದೆ ಖಾಲಿ ಉಂಟು. ಬರೀರಿ."

ನೆಲದಲ್ಲಿ ಮಲಗಿದ್ದವನಿಗೆ ಕೆಳಮುಖವಾಗಿದ್ದ ಮಗ್ಗುಲು ಕಂಡಿತು. ಮಂಗಳವಾರ, ಕುರ್ಲಾದಿಂದ ಉಡುಪಿಗೆ, ಒಬ್ಬರು. ರಮಾನಾಥನ ಕಣ್ಣು ತುಂಬಿತು. ಅದು ಕಾಣಬಾರದೆಂದು ಗಂಟಲು ಸರಿಮಾಡಿ ಮ್ಯಾನೇಜರನ ದನಿ ತೆಗೆದ.

"ಬೇಸಿನ್ ಮಾತ್ರ ಬಾಗಿಲ ಹತ್ತಿರವೇ ಇರ್ಲಿ, ಆಯ್ತಾ?"

"ಇರ್ಲಿ ಮಾರಾಯ್ರೆ," ಎಂದಳು ಸೇವಂತಿ, ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದಲ್ಲಿ ಸಿಮೆಂಟಿನ ಮೇಲೆ ಕೈ ಊರುತ್ತ. "ಈಗ ಸ್ವಲ್ಪ ಆಚೆ ಸರೀರಿ. ಅಗಲ ಇಬ್ಬರದ್ದು ಅಳೀಬೇಕು."