ದೇವದಾನಪ್ಪ ಮೇಷ್ಟ್ರ ನೆಟ್ಟನೆ ಪೆನ್ಸಿಲ್ಲು

ದೇವದಾನಪ್ಪ ಮೇಷ್ಟ್ರು ನಮ್ಮ ಜಗುಲಿಯ ಮೇಲೆ ಕೂತು ಪೆನ್ಸಿಲ್ಲು ಹೆರೆಯುವುದನ್ನು ನೋಡಲೆಂದೇ ಬೀದಿಯ ಹೆಂಗಸರು ಕೈಲಿದ್ದ ಮೊರ ಕೆಳಗಿಡುತ್ತಿದ್ದರು. ಅರ್ಧ ಬ್ಲೇಡಿನಲ್ಲಿ ಒಂದೇ ಸಮನೆ ಹೆರೆದು, ಮೊನೆಯನ್ನು ನಾಲಿಗೆಗೆ ತಾಗಿಸಿ, ನನ್ನ ಬಲಗೈಯನ್ನು ಬಿಳಿ ಕಾಗದದ ಮೇಲೆ ಕವುಚಿ ಒತ್ತಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಸುತ್ತಲೂ ಗೆರೆ ಎಳೆಯುತ್ತಿದ್ದರು. ಕಚಗುಳಿಯಾಗಿ ನಾನು ಕೈ ಎಳೆದುಕೊಂಡರೆ ಆ ಕಾಗದ ಮಡಚಿ ಜೇಬಿಗೆ ಹಾಕಿ ಇನ್ನೊಂದು ತೆಗೆಯುತ್ತಿದ್ದರು.

"ಪೆನ್ಸಿಲ್ಲು ನೆಟ್ಟಗಿರ್ಬೇಕು ಕಣವ್ವ. ಒಳಿಕ್ಕೆ ವಾಲುದ್ರೆ ಬೆರಳು ಸಣ್ಣಗಾಯ್ತವೆ, ಆಚಿಕ್ಕೆ ವಾಲುದ್ರೆ ದಪ್ಪಗಾಯ್ತವೆ. ಎಲ್ಡೂ ಸುಳ್ಳೇಯ" ಅನ್ನುವುದು ಅವರು ಪ್ರತಿ ವರ್ಷ ಹೇಳುತ್ತಿದ್ದ ಮಾತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಪರದೇಶದ ಒಂದು ಚರ್ಚಿನವರು ನಮ್ಮ ಪಾಂಡವಪುರದ ಸುತ್ತಿನ ಕೆಲವು ಮಕ್ಕಳ ಓದಿನ ಖರ್ಚು ನೋಡಿಕೊಳ್ಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಕಬ್ಬಿನ ಗದ್ದೆಗೆ ಕೂಲಿಗೆ ಹೋಗಿ ನನ್ನನ್ನೂ ತಂಗಿ ಗೌರಿಯನ್ನೂ ಸಾಕುತ್ತಿದ್ದಳು. ನನ್ನನ್ನು ಆರಿಸಿಕೊಂಡವರು ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸು. ಅವ್ವನ ಬಾಯಲ್ಲಿ ಅವರು ಮಾರ್ಗಟ್ಟಮ್ಮ. ಯುಗಾದಿ ಕಳೆದ ಮೇಲೆ ವರ್ಷಕ್ಕೊಂದು ಕಾಗದ ಅವರಿಗೆ ಹೋಗಬೇಕು, ಅದರ ಜೊತೆ ನನ್ನ ಕೈಯ ಗುರುತೂ ಹೋಗಬೇಕು. ಮಗು ಎಷ್ಟು ಬೆಳೆದಿದೆಯೆಂದು ಅವರು ಅಲ್ಲಿ ಅಳೆದು ನೋಡಿಕೊಳ್ಳುತ್ತಿದ್ದರಂತೆ. ಕಾಗದವನ್ನು ನಾನು ಕನ್ನಡದಲ್ಲಿ ಬರೆದರೆ ಮೇಷ್ಟ್ರು ಇಂಗ್ಲಿಷಿಗೆ ಮಾಡಿ ಕಳಿಸುತ್ತಿದ್ದರು. ಅದೇ ಅವರ ಕೆಲಸ, ಅದೇ ಅವರ ಅನ್ನ.

ನಿವೃತ್ತರಾದರೂ ಮೇಷ್ಟ್ರಿಕೆ ಬಿಟ್ಟಿರಲಿಲ್ಲ. ಸೈಕಲ್ಲಿನ ಹ್ಯಾಂಡಲ್ಲಿಗೆ ಕೊಡೆ, ಕ್ಯಾರಿಯರಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಫೈಲು. ಅವ್ವ ಮಜ್ಜಿಗೆ ಕೊಟ್ಟರೆ ಲೋಟವನ್ನು ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿ ಪ್ರಾರ್ಥಿಸಿ ಕುಡಿಯುತ್ತಿದ್ದರು. ಅಷ್ಟು ಹೊತ್ತೂ ಅವ್ವ ಸೆರಗು ಹೊದ್ದು ನಿಂತಿರುತ್ತಿದ್ದಳು. ನಮ್ಮ ದೇವರ ಬಗ್ಗೆ ಅವರು ಕೇಳಲಿಲ್ಲ, ಅವರ ದೇವರ ಬಗ್ಗೆ ನಾವು ಕೇಳಲಿಲ್ಲ. ಟಪಾಲು ಹೋಗುವ ದಿನ ಮಾತ್ರ ಇಬ್ಬರಿಗೂ ದೇವರಿದ್ದ ಹಾಗೆ. ಒಂದು ದಿನ ತಪ್ಪಿದರೆ ಆ ಚರ್ಚಿನವರ ಮೈಸೂರಿನ ಆಫೀಸಿನ ಸಾಹೇಬರು ಉರಿದು ಬೀಳುತ್ತಿದ್ದರು.

ನನಗೆ ಒಂಬತ್ತಾಗಿದ್ದ ವರ್ಷ, ಸರಿಯಾಗಿ ಆ ದಿನಗಳಲ್ಲೇ, ನನಗೆ ಮೈತುಂಬ ಸೀತಾಳೆ ಸಿಡುಬೆದ್ದಿತು. ನಮ್ಮಲ್ಲಿ ಅದನ್ನು ಕಾಯಿಲೆ ಅನ್ನುವುದಿಲ್ಲ. ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಗೌರಿಯನ್ನು ಎದುರುಮನೆ ದೊಡ್ಡಮ್ಮನ ಹತ್ತಿರ ಬಿಟ್ಟಿದ್ದಳು. ಮೇಷ್ಟ್ರು ಬಂದು ಅಂಗಳದಲ್ಲೇ ನಿಂತರು.

"ಅಮ್ಮ ಬಂದವ್ಳೆ ಮೇಷ್ಟ್ರೇ. ಹೊಸಲು ದಾಟ್ಬ್ಯಾಡಿ" ಎಂದಳು ಅವ್ವ.

"ಕಾಗ್ದದ ಮ್ಯಾಲೆ ಒಂದ್ಸಲ ಕೈ ಮಡಗ್ಸವ್ವ, ಸಾಕು. ನಾಳೀಕೇ ಟಪಾಲು."

"ನೀರು ಹಾಕೋಗಂಟ ಈ ಮನೆಯಿಂದ ಒಂದ್ ಕಡ್ಡೀನೂ ಆಚಿಕ್ಕೆ ಓಗಂಗಿಲ್ಲ. ಆಯಮ್ಮ ಮುನಿಸ್ಕತಾಳೆ."

ಒಳಗೆ ಬೇವಿನೆಲೆಯ ಮೇಲೆ ಮಲಗಿ ನಾನು ಇದನ್ನೆಲ್ಲ ಕೇಳಿಸಿಕೊಂಡೆ. ಮೇಷ್ಟ್ರು ಬಹಳ ಹೊತ್ತು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಉಜ್ಜುತ್ತಿದ್ದು, ಆಮೇಲೆ ಎದುರುಮನೆಗೆ ಹೋದರು. ಅಲ್ಲಿ ಏಳು ವರ್ಷದ ಗೌರಿಯ ಕೈಯನ್ನು ಕಾಗದದ ಮೇಲೆ ಒತ್ತಿ, ನೆಟ್ಟನೆ ಪೆನ್ಸಿಲ್ಲಿನಲ್ಲೇ ಗೆರೆ ಎಳೆದು, ಕೆಳಗೆ ನನ್ನ ಹೆಸರು ಬರೆದುಕೊಂಡು ಹೋದರು.

ಹಿಂದಿನ ವರ್ಷಕ್ಕಿಂತ ಕೈ ಸಣ್ಣದಾಗಿದೆಯಲ್ಲ, ಮಗುವಿಗೆ ಏನಾಗಿದೆ ಎಂದು ಮಾರ್ಗಟ್ಟಮ್ಮ ಗಾಬರಿಯಲ್ಲಿ ಬರೆದರು. ಮೇಷ್ಟ್ರು ಏನೆಂದು ಉತ್ತರ ಕೊಟ್ಟರು ಗೊತ್ತೇ? ಪೆನ್ಸಿಲ್ಲು ಒಳಕ್ಕೆ ವಾಲಿತ್ತು ಎಂದು! ಅವರು ತಮ್ಮ ಪೆನ್ಸಿಲ್ಲಿನ ಮೇಲೆ ಹೊರಿಸಿದ ಅಪವಾದ ಅದೊಂದೇ ಇರಬೇಕು. ಆಯಮ್ಮ ನಂಬಲಿಲ್ಲ. ಕಬ್ಬು ಕಡಿಯುವ ಕಾಲಕ್ಕೆ, ತಮ್ಮ ಚರ್ಚಿನ ತಂಡದ ಜೊತೆ ವಿಮಾನ ಹತ್ತಿ ಬಂದೇಬಿಟ್ಟರು.

ಶ್ರೀರಂಗಪಟ್ಟಣದ ಕಡೆಯಿಂದ ಬಂದ ಬಿಳಿ ವ್ಯಾನಿನಿಂದ ಅವರು ಇಳಿದಾಗ ಊರಿಗೆ ಊರೇ ನಮ್ಮ ಅಂಗಳದಲ್ಲಿತ್ತು. ತೆಳ್ಳಗೆ, ಉದ್ದಕ್ಕೆ, ಬಿಸಿಲಿಗೆ ಮೂಗು ಕೆಂಪಾದ ಅಜ್ಜಿ. ಜೊತೆಗೆ ಆಫೀಸಿನ ಸಾಹೇಬರು, ಹಿಂದೆ ಇಸ್ತ್ರಿ ಅಂಗಿಯಲ್ಲಿ ಮೇಷ್ಟ್ರು. ಮಾರ್ಗಟ್ಟಮ್ಮ ನನ್ನ ಕೆನ್ನೆ ಸವರಿ, ಅವ್ವ ಕೊಟ್ಟ ಎಳನೀರು ಕುಡಿದು, ಚೀಲದಿಂದ ವರ್ಷಕ್ಕೊಂದರಂತೆ ಹೋಗಿದ್ದ ನನ್ನ ಮೂರೂ ಕೈಗಳನ್ನು ತೆಗೆದರು. ಮೊದಲ ಕಾಗದದ ಮೇಲೆ ನನ್ನ ಕೈಯಿಟ್ಟು ನಕ್ಕರು. ಎರಡನೆಯದರಲ್ಲೂ ನಕ್ಕರು. ಆ ವರ್ಷದ ಯುಗಾದಿಯದೇ ಆದ ಮೂರನೆಯದರಲ್ಲಿ ನನ್ನ ಬೆರಳುಗಳು ಗೆರೆಯಿಂದ ಎಷ್ಟೋ ಆಚೆ ಚಾಚಿದ್ದವು. ನಗು ನಿಂತಿತು. ಸಾಹೇಬರಿಗೆ ಏನೋ ಕೇಳಿದರು, ಸಾಹೇಬರು ಅವ್ವನ ಕಡೆ ತಿರುಗಿದರು.

"ಏನಮ್ಮಾ, ಯುಗಾದಿ ಮುಂಚೆ ಮಗೂಗೆ ಹೊಟ್ಟೆಗೆ ಸರಿಯಾಗಿ ಹಾಕಲಿಲ್ವಾ? ಕೊಟ್ಟಿದ್ದನ್ನೆಲ್ಲ ಏನು ಮಾಡ್ದೆ?"

ಅವ್ವನ ಮುಖ ಕಪ್ಪಿಟ್ಟಿತು. "ನಾನು ಉಪಾಸ ಇದ್ದೇನು ಸಾಮಿ, ನನ್ ಮಕ್ಳ ಮಡಗಿಲ್ಲ" ಎಂದಳು, ಅಷ್ಟೆ. ಗೌರಿಯ ಕೈಯ ವಿಚಾರ ಅವಳಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಮೇಷ್ಟ್ರ ಕೆಲಸ ಹೋಗುತ್ತದೆಂಬುದೂ ಗೊತ್ತಿತ್ತು. ಊರಿನೆದುರು ಮಕ್ಕಳ ಅನ್ನ ತಿಂದವಳಾಗಿ ನಿಂತಳೇ ಹೊರತು ಹೇಳಲಿಲ್ಲ. ನನಗೆ ಅಳು ಒತ್ತರಿಸಿ ಬಂತು. ಮೇಷ್ಟ್ರನ್ನು ನೋಡಿದೆ. ಅವರು ಅವ್ವನನ್ನೇ ನೋಡುತ್ತಿದ್ದರು.

"ಗೌರವ್ವ, ಬಾ ಇಲ್ಲಿ" ಎಂದರು ಮೇಷ್ಟ್ರು. ಅವಳ ಕೈಯನ್ನು ಮೂರನೆಯ ಕಾಗದದ ಮೇಲಿಟ್ಟರು. ಗೆರೆಗಿಂತ ಒಂದು ಎಳೆಯಷ್ಟು ಮಾತ್ರ ಬೆಳೆದಿತ್ತು. "ಇದು ಈ ಮಗೀನ ಕೈಯಿ. ಅಕ್ಕಂಗೆ ಅಮ್ಮ ಆಗಿತ್ತು, ಟಪಾಲು ತಪ್ಪುತ್ತೆ ಅಂತ ನಾನೇ ಬರ್ದೆ. ಈ ತಾಯಿದು ಏನೂ ತಪ್ಪಿಲ್ಲ. ಪೆನ್ಸಿಲ್ಲು ವಾಲಿರ್ನಿಲ್ಲ, ನಾನೇ ವಾಲಿದ್ದೆ." ಕನ್ನಡದಲ್ಲಿ ಮೊದಲು ಊರಿಗೆ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಆಯಮ್ಮನಿಗೆ ಹೇಳಿದರು.

ಮಾರ್ಗಟ್ಟಮ್ಮ ಗೌರಿಯ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಅವರ ಮಾತನ್ನು ಮೇಷ್ಟ್ರು ನಮಗೆ ಹೇಳಿದರು. "ಈ ಸಣ್ ಕೈಗೇ ನಾನು ಎಲ್ಲಕ್ಕಿಂತ ಜಾಸ್ತಿ ಪ್ರಾರ್ಥ್ನೆ ಮಾಡಿದ್ದು, ಇದ್ರ ಎಸ್ರೇನು ಅಂತ ಕೇಳ್ತಾವ್ರೆ." ಕಾಗದದ ಕೆಳಗಿದ್ದ ನನ್ನ ಹೆಸರನ್ನು ಹೊಡೆದುಹಾಕಿ, ಗೌರಿಯ ಹೆಸರನ್ನು ಅವರೇ ಬರೆದುಕೊಂಡರು. ಹೊರಡುವಾಗ ಅವ್ವನ ಎರಡೂ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ಆದರೆ ಸಾಹೇಬರು ಮೇಷ್ಟ್ರನ್ನು ಬಿಡಲಿಲ್ಲ; ಮುಂದಿನ ತಿಂಗಳಿಗೇ ಕೆಲಸ ಹೋಯಿತು.

ಮರುವರ್ಷದ ಯುಗಾದಿಗೆ ಹೊಸಬರು ಬಂದರು, ಬಾಲ್‌ಪೆನ್ನು ಹಿಡಿದುಕೊಂಡು. ಮಾರ್ಗಟ್ಟಮ್ಮ ಎರಡು ಕೈ ಕೇಳಿದ್ದಾರೆ ಎಂದರು. ನಾನು ಕೈ ಕೊಡಲೇ ಇಲ್ಲ. ನಾಳೆ ಕೊಡುತ್ತೇನೆಂದು ಕಾಗದ ಇಸಿದುಕೊಂಡು, ಗೌರಿಯನ್ನು ಎಳೆದುಕೊಂಡು ಪಾಂಡವಪುರಕ್ಕೆ ನಡೆದೆ. ಮೇಷ್ಟ್ರು ಮನೆಯ ಮುಂದೆ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ತುಂಬ ಸೊರಗಿ ಬಡವಾಗಿದ್ದರು. ನಮ್ಮನ್ನು ಕಂಡು ಒಳಗೆ ಹೋಗಿ ಬ್ಲೇಡು ತಂದರು. ನನ್ನ ಕೈ, ಗೌರಿಯ ಕೈ, ಎರಡನ್ನೂ ಉಸಿರು ಹಿಡಿದು ಬರೆದುಕೊಟ್ಟರು.

ಒಂದು ಕಾಗದ ಮಿಕ್ಕಿತ್ತು. "ಇದರಲ್ಲಿ ನಿಮ್ದು ಮಡಗಿ ಮೇಷ್ಟ್ರೇ" ಎಂದೆ.

"ನಂದ್ಯಾಕವ್ವ, ಬೆಳಿಯೋ ಕೈಯಾ ಇದು?" ಎಂದು ನಕ್ಕರೂ ಇಟ್ಟರು. ನಾನು ನಾಲಿಗೆ ಕಚ್ಚಿಕೊಂಡು ಗೆರೆ ಎಳೆದೆ. ಕೈ ತೆಗೆದು ನೋಡಿದರೆ ಅವರ ಬೆರಳುಗಳು ಕಡ್ಡಿಯಂತೆ ಬಂದಿದ್ದವು.

"ಒಳಿಕ್ಕೆ ವಾಲ್ಸಿದ್ದೀಯಲ್ಲವ್ವ! ಇದ ಕಳಿಸ್ಬ್ಯಾಡ ಕಣೆ. ಆಯಮ್ಮ ನೋಡುದ್ರೆ, ಮೇಷ್ಟ್ರಿಗೆ ಏನೋ ಆಗದೆ ಅಂತ ಇನ್ನೊಂದ್ಸಲ ವಿಮಾನ ಅತ್ಕೊಂಡ್ ಬಂದ್ಬುಟ್ಟಾಳು."

ಅದೇ ಕೊನೆಯ ಭೇಟಿ. ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಕಾಗದವನ್ನು ನಾನು ಕಳಿಸಲಿಲ್ಲ. ಈಗಲೂ ಬೀರುವಿನಲ್ಲಿದೆ. ಅದನ್ನು ನೋಡಿದವರಿಗೆ, ಪೆನ್ಸಿಲ್ಲು ವಾಲಿತ್ತು, ಆ ಕೈ ಅಷ್ಟು ಸಣ್ಣದಾಗಿರಲಿಲ್ಲವೆಂದು ಹೇಳುವುದಕ್ಕೆ ಈಗ ಅವ್ವನೂ ಇಲ್ಲ, ನಾನೇ ಹೇಳಬೇಕು.